ಇಬ್ಬರೂ ಸೇರಿ ಹುಡುಕುವುದಾದರೆ: ಡಬ್ಬಿಯೋ, ಕಲ್ಲೋ, ಮಾವಿನ ಮಿಡಿಯೋ?

ಹೋದ ದೀಪಾವಳಿಗೆ ಮನೆಗೆ ಬಂದಿದ್ದ ಚಿಕ್ಕಮ್ಮನ ಮಗಳು ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಕೇಳಿದಳು: "ಅಕ್ಕಾ, ಭಾನುವಾರ ಬಂತೆಂದರೆ ನೀನೂ ಭಾವನೂ ಏನನ್ನೋ ಹುಡುಕಿಕೊಂಡು ಹೊರಟುಬಿಡುತ್ತೀರಿ. ನಮಗೂ ಅಂಥದ್ದೊಂದು ಹವ್ಯಾಸ ಬೇಕು. ಎಲ್ಲಿಂದ ಶುರು ಮಾಡಲಿ?" ಅವಳ ಮದುವೆಯಾಗಿ ವರ್ಷ ತುಂಬಿಲ್ಲ. ಇಬ್ಬರಿಗೂ ಶಿವಮೊಗ್ಗದಲ್ಲಿ ಕೆಲಸ, ಒಟ್ಟಿಗೆ ಸಿಗುವುದು ವಾರಕ್ಕೆ ಒಂದೇ ದಿನ. ಆ ದಿನ ನಾನು ಕೊಟ್ಟ ಉತ್ತರ ಅರೆಬರೆಯಾಯಿತು. ಅವಳಂಥ ಇನ್ನಷ್ಟು ಜೋಡಿಗಳಿಗೂ ಉಪಯೋಗವಾಗಲೆಂದು ಪೂರ್ತಿ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಯಾವುದನ್ನು ಆರಿಸಿಕೊಳ್ಳುವ ಮೊದಲೂ ನಾನು ಕೇಳುವ ಪ್ರಶ್ನೆ ಒಂದೇ: ಈ ಹುಡುಕಾಟಕ್ಕೆ ನಿಜವಾಗಿಯೂ ಇಬ್ಬರು ಬೇಕೇ? ಒಬ್ಬರು ಹುಡುಕಿ ಇನ್ನೊಬ್ಬರು ನೀರಿನ ಬಾಟಲಿ ಹಿಡಿದು ಹಿಂದೆ ನಡೆಯುವಂತಿದ್ದರೆ ಅದು ಆರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ನಮ್ಮದು ಐದನೆಯ ತಿಂಗಳಿಗೇ ನಿಲ್ಲುವ ಹಂತಕ್ಕೆ ಬಂದಿತ್ತು.

ಇನ್ನೊಂದು ಎಚ್ಚರಿಕೆಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ 'ನಿಧಿ ಹುಡುಕುತ್ತಿದ್ದೇವೆ' ಎಂದು ತಮಾಷೆಗೂ ಹೇಳಬೇಡಿ. ಕೆಳದಿ ಅರಸರ ಚಿನ್ನ ಕವಲೇದುರ್ಗದಲ್ಲಿದೆ, 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು, ಅಂದರೆ ಇಂದಿನ 'ನಗರ' ಎಂಬ ಊರನ್ನು, ಹಿಡಿಯುವ ಮೊದಲು ಬಚ್ಚಿಟ್ಟದ್ದು ಇನ್ನೂ ಆ ಊರಿನ ಸುತ್ತಲೇ ಇದೆ ಎಂಬ ಮಾತು ನಮ್ಮ ಅಜ್ಜಿಯ ಕಾಲದಿಂದಲೂ ಓಡಾಡುತ್ತಿದೆ. ಅದನ್ನು ನಂಬಿದವರು ಪಾಳುಗುಡಿಗಳ ಗರ್ಭಗುಡಿಯನ್ನೇ ಅಗೆದಿದ್ದಾರೆ, ಪೀಠ ಕಿತ್ತಿದ್ದಾರೆ, ವೀರಗಲ್ಲುಗಳನ್ನು ಉರುಳಿಸಿದ್ದಾರೆ. ಊರವರಿಗೆ ನಿಧಿಗಳ್ಳರೆಂದರೆ ಸಿಟ್ಟು, ಮತ್ತು ಆ ಸಿಟ್ಟು ನ್ಯಾಯವಾದದ್ದು. ಕಾನೂನೂ ಸ್ಪಷ್ಟವಾಗಿದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕವರು ಅದನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ನಿಧಿಗಾಗಿ ನಡೆಸುವ ವಾಮಾಚಾರವನ್ನು ಕರ್ನಾಟಕದ 2017ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ನಾನು ಇಲ್ಲಿ ಹೇಳುವ ಯಾವ ಹುಡುಕಾಟಕ್ಕೂ ಹಾರೆ, ಗುದ್ದಲಿ, ಲೋಹಶೋಧಕ ಬೇಕಾಗಿಲ್ಲ. ಅವು ಕಾರಿನಲ್ಲಿದ್ದರೆ ಇಳಿಸಿ ಹೋಗಿ.

ಡಬ್ಬಿಯ ಆಟ

ಜಗತ್ತಿನಲ್ಲಿ ಅತಿ ಹೆಚ್ಚು ಜನ ಆಡುವುದು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ನೀರು ಹೋಗದ ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಇಟ್ಟು, ಅದನ್ನು ಎಲ್ಲೋ ಅಡಗಿಸಿ, ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ನೀವು ಮೊಬೈಲಿನ ಜಿಪಿಎಸ್ ಹಿಡಿದು ಹೋಗಿ, ಹುಡುಕಿ, ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತೀರಿ. ಡಬ್ಬಿಯಲ್ಲಿ ಪುಟ್ಟ ಗೊಂಬೆಯೋ ಕೀಲಿಬಳೆಯೋ ಇದ್ದರೆ ತೆಗೆದುಕೊಳ್ಳಬಹುದು, ಆದರೆ ಅಷ್ಟೇ ಬೆಲೆಯದ್ದನ್ನು ಅಥವಾ ಹೆಚ್ಚಿನದನ್ನು ಇಡಬೇಕು. ತಿಂಡಿ ತಿನಿಸು ಇಡುವಂತಿಲ್ಲ. ಈ ಆಟ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. 2000ದ ಮೇ ತಿಂಗಳ ಆರಂಭದವರೆಗೂ ಅಮೆರಿಕದ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿತ್ತು. ಆ ಮಸುಕನ್ನು ತೆಗೆದದ್ದೇ ತಡ, ಮೇ 3ರಂದು ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟನ್ನು ಅಡಗಿಸಿಟ್ಟು 'ಹುಡುಕಿ ನೋಡೋಣ' ಎಂದರು. ಅಲ್ಲಿಂದ ಶುರುವಾಯಿತು.

ಖರ್ಚು ಏನೂ ಇಲ್ಲವೆನ್ನಬಹುದು. ಜಿಯೋಕ್ಯಾಶಿಂಗ್ ಆ್ಯಪ್‌ನ ಸದಸ್ಯತ್ವ ಉಚಿತ, ಕೆಲವು ಡಬ್ಬಿಗಳು ಮಾತ್ರ ಹಣ ಕಟ್ಟಿದವರಿಗೆ ಕಾಣುತ್ತವೆ. ಪ್ರತಿ ಡಬ್ಬಿಗೂ ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು ಎಂದು 1ರಿಂದ 5ರವರೆಗೆ ಅಂಕ ಇರುತ್ತದೆ. ಹೊಸ ಜೋಡಿ ಎರಡೂ 2ಕ್ಕಿಂತ ಮೇಲಿಲ್ಲದ ಡಬ್ಬಿಯಿಂದ ಆರಂಭಿಸಲಿ.

ಜೋಡಿಯ ದೃಷ್ಟಿಯಿಂದ ಇದರ ದೋಷವೆಂದರೆ ಮೊಬೈಲು ಒಂದೇ ಕೈಯಲ್ಲಿರುತ್ತದೆ. ನಮ್ಮಲ್ಲಿ ಅದು ಇವರ ಕೈಯಲ್ಲಿತ್ತು. ಇವರು ಬಾಣದ ಗುರುತು ನೋಡುತ್ತ ದಾಪುಗಾಲು ಹಾಕುವುದು, ನಾನು ಹಿಂದಿನಿಂದ ಓಡುವುದು. ಕೊನೆಗೆ ಒಂದು ದಿನ "ರೀ, ಇದು ನಿಮ್ಮ ಹವ್ಯಾಸ, ನನ್ನದಲ್ಲ" ಎಂದು ನಾನು ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಅಂದು ಮಾಡಿಕೊಂಡ ನಿಯಮವನ್ನು ಈಗಲೂ ಪಾಲಿಸುತ್ತೇವೆ. ಗುರಿ ಹತ್ತು ಹದಿನೈದು ಮೀಟರಿನಷ್ಟು ಹತ್ತಿರ ಬಂದೊಡನೆ ಮೊಬೈಲು ಜೇಬಿಗೆ ಹೋಗಬೇಕು. ಅಲ್ಲಿಂದ ಮುಂದೆ ಕಣ್ಣಿನ ಕೆಲಸ, ಇಬ್ಬರೂ ಸಮಾನರು. ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ನಮ್ಮ ಕಾಡಿನ ಒದ್ದೆ ಎಲೆಗಳ ಚಪ್ಪರದಡಿ ಉಪಗ್ರಹದ ಸಂಕೇತ ಕುಂದಿ, ಬಂಡೆಗೆ ಬಡಿದು ಸುತ್ತು ಹಾಕಿ ಬರುವುದರಿಂದ ಬಾಣ ಗಿರಗಿರನೆ ತಿರುಗುತ್ತದೆ. ಅದನ್ನೇ ನಂಬಿ ನಡೆದರೆ ಒಂದೇ ಮರಕ್ಕೆ ಪ್ರದಕ್ಷಿಣೆ ಹಾಕುತ್ತಿರುತ್ತೀರಿ.

ಮಲೆನಾಡಿಗೆ ಇದು ಎಷ್ಟು ಹೊಂದುತ್ತದೆ? ನನ್ನ ಅಭಿಪ್ರಾಯದಲ್ಲಿ ಅರ್ಧ. ಆ್ಯಪ್ ತೆರೆದು ನಿಮ್ಮ ಊರಿನ ಸುತ್ತ ಎಷ್ಟು ಚುಕ್ಕಿಗಳಿವೆ ಎಂದು ಎಣಿಸಿ. ಒಂದೆರಡು ಭಾನುವಾರಗಳಲ್ಲಿ ಮುಗಿಯುವಷ್ಟೇ ಇದ್ದರೆ ಇದನ್ನು ಪ್ರಯಾಣದ ಹವ್ಯಾಸವಾಗಿ ಇಟ್ಟುಕೊಳ್ಳಿ. ಮಗಳನ್ನು ನೋಡಲು ಬೆಂಗಳೂರಿಗೆ ಹೋದಾಗ ಎರಡು ಡಬ್ಬಿ ಹುಡುಕಿ ಬರುವುದು ನಮಗೆ ರೂಢಿ. 'ನಾವೇ ಇಲ್ಲಿ ಡಬ್ಬಿ ಇಟ್ಟರೆ?' ಎಂದು ಕೇಳಬಹುದು. ಇಡಬಹುದು, ಆದರೆ ಜಾಗದ ಮಾಲೀಕರ ಒಪ್ಪಿಗೆ ಬೇಕು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕು, ಆಗಾಗ ಹೋಗಿ ಸರಿಪಡಿಸುವ ಹೊಣೆ ನಿಮ್ಮದೇ. ಮಳೆಗಾಲ ಕಳೆದು ತೆರೆದು ನೋಡಿದರೆ ಒಳಗಿನ ಪುಸ್ತಕಕ್ಕೆ ಬೂಷ್ಟು ಹಿಡಿದಿರುತ್ತದೆ. ಗಾಜನೂರು, ಲಿಂಗನಮಕ್ಕಿಯಂಥ ಅಣೆಕಟ್ಟುಗಳ ಬಳಿ, ಬಸ್ ನಿಲ್ದಾಣದಲ್ಲಿ, ರೈಲು ಹಳಿಯ ಪಕ್ಕ ಇಡಲೇಬೇಡಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಪೊಲೀಸರನ್ನು ಕರೆಯುತ್ತಾರೆ, ಕರೆಯಬೇಕಾದದ್ದೂ ಸರಿಯೇ. ಅಭಯಾರಣ್ಯದೊಳಗೆ ಡಬ್ಬಿಯ ಯೋಚನೆಯೇ ಬೇಡ.

ಡಬ್ಬಿಯಿಲ್ಲದ ಗುರಿಗಳು

ಇದೇ ಆಟದಲ್ಲಿ ಡಬ್ಬಿಯೇ ಇಲ್ಲದ ಬಗೆಯೊಂದಿದೆ, ಅರ್ಥ್‌ಕ್ಯಾಶ್ ಎನ್ನುತ್ತಾರೆ. ಸೂಚಿಸಿದ ಜಾಗಕ್ಕೆ ಹೋಗಿ ಅಲ್ಲಿನ ಬಂಡೆ, ಮಣ್ಣು, ನೀರಿನ ಹರಿವನ್ನು ನೋಡಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಕಾಡಿನಲ್ಲಿ ಏನನ್ನೂ ಬಿಟ್ಟು ಬರುವಂತಿಲ್ಲ ಎಂಬ ಮನಸ್ಸಿನವರಿಗೆ ಇದು ಒಳ್ಳೆಯದು.

ಇನ್ನೊಂದು, ಅಕ್ಷಾಂಶ ರೇಖಾಂಶಗಳ ಪೂರ್ಣಸಂಖ್ಯೆಗಳು ಕೂಡುವ ಬಿಂದುವನ್ನು ಮುಟ್ಟುವುದು. 14 ಡಿಗ್ರಿ ಉತ್ತರ ಅಕ್ಷಾಂಶದ ರೇಖೆ ಶಿವಮೊಗ್ಗ ನಗರದ ತುಸು ಉತ್ತರಕ್ಕೇ ಹಾಯುತ್ತದೆ. ಅದು 75 ಡಿಗ್ರಿ ಪೂರ್ವ ರೇಖಾಂಶವನ್ನು ಕೂಡುವುದು ಸಾಗರ ಮತ್ತು ಹೊಸನಗರಗಳ ನಡುವಿನ ಸೀಮೆಯಲ್ಲಿ, 76 ಡಿಗ್ರಿಯನ್ನು ಕೂಡುವುದು ಚನ್ನಗಿರಿಯ ಪೂರ್ವಕ್ಕೆ. ಒಂದು ಮಲೆನಾಡಿನಲ್ಲಿ, ಇನ್ನೊಂದು ಬಯಲುಸೀಮೆಯ ಕಡೆ. ನೂರು ಮೀಟರಿನೊಳಗೆ ತಲುಪಿ ನಾಲ್ಕೂ ದಿಕ್ಕಿನ ಚಿತ್ರ ತೆಗೆದರೆ ಮುಗಿಯಿತು. ಇದನ್ನು ಮದುವೆಯ ವಾರ್ಷಿಕೋತ್ಸವದಂಥ ಒಂದು ದಿನಕ್ಕೆ ಇಟ್ಟುಕೊಳ್ಳಬಹುದು, ವರ್ಷವಿಡೀ ನಡೆಸುವ ಹವ್ಯಾಸವಾಗದು. ಯಾರ ತೋಟ, ಯಾರ ಗದ್ದೆ ಎಂದು ಕೇಳಿಯೇ ಕಾಲಿಡಿ.

ಕಲ್ಲು ಹುಡುಕುವುದು

ಹಳೆಯ ಶಾಸನದ ಕಲ್ಲು, ವೀರಗಲ್ಲುಗಳನ್ನು ಹುಡುಕಿಕೊಂಡು ಹೋಗುವುದು ಇದು. ನನ್ನ ಮನಸ್ಸು ಇರುವುದು ಇದರಲ್ಲಿ, ಹಾಗಾಗಿ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರಿನಿಂದ ಕಲೆಹಾಕಿ 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಸಂಪುಟಗಳನ್ನು ಹೊರತಂದರು. ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟ ಬೇಕಾದವು. 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ. ತಾಳಗುಂದದ ಕದಂಬರ ಸ್ತಂಭಶಾಸನ ಇದರಲ್ಲಿ ಶಿಕಾರಿಪುರ 176. ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ 'ಇಂಥ ಊರಿನ ಕೆರೆಯ ಏರಿಯ ಮೇಲೆ', 'ಇಂಥ ಗುಡಿಯ ಮುಂದೆ' ಎಂದು ಬರೆದಿರುವುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನೂರಿಪ್ಪತ್ತು ವರ್ಷಗಳ ಹಿಂದಿನ ಆ ವಿಳಾಸಕ್ಕೆ ಈ ಭಾನುವಾರ ಹೋಗಿ ನೋಡಬಹುದಲ್ಲ! ಆ ಕೆರೆ ಇದೆಯೇ, ಆ ಗುಡಿ ಇದೆಯೇ, ಕಲ್ಲು ನಿಂತಿದೆಯೇ, ಮಲಗಿದೆಯೇ, ಯಾರ ಮನೆಯ ಒಗೆಯುವ ಕಲ್ಲಾಗಿದೆ? ಶರಾವತಿಯ ಕಡೆ ಹೋದರೆ ಊರೇ ಲಿಂಗನಮಕ್ಕಿಯ ಹಿನ್ನೀರಿನಡಿ ಹೋಗಿದ್ದು, ಹುಡುಕಾಟ ನೀರಿನ ಅಂಚಿನಲ್ಲಿ ನಿಂತುಬಿಡಲೂಬಹುದು.

ಈ ಹುಡುಕಾಟಕ್ಕೆ ಇಬ್ಬರೂ ಬೇಕೇ ಬೇಕು. ನಾನು ಸಂಪುಟ ಓದಿ ಊರಿನ ಹೆಸರಿನ ಹಳೆಯ ರೂಪವನ್ನು ಇಂದಿನ ನಕ್ಷೆಗೆ ಹೊಂದಿಸುತ್ತೇನೆ. ಇವರು ಊರಿಗೆ ಹೋದಮೇಲೆ ಹಿರಿಯರ ಜೊತೆ ಮಾತಿಗೆ ಕೂರುತ್ತಾರೆ, ಅಡಿಕೆಯ ಧಾರಣೆಯಿಂದ ಶುರುವಾದ ಮಾತು ಅರ್ಧ ಗಂಟೆಯಲ್ಲಿ ಕಲ್ಲಿಗೆ ಬರುತ್ತದೆ. "ಬಾ ಮಾರಾಯ್ತಿ, ಹಿತ್ತಲಿನಲ್ಲಿ ಒಂದಿದೆಯಂತೆ" ಎಂದು ಇವರು ಕರೆದಾಗಿನ ಸಂಭ್ರಮ ಯಾವ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ.

ಓದಲು ಬಾರದಿದ್ದರೂ ಗುರುತಿಸಲು ಕಲಿಯುವುದು ಸುಲಭ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ ಅಥವಾ ತುರುಗಳನ್ನು ಬಿಡಿಸಿಕೊಳ್ಳುವ ದೃಶ್ಯ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರರು. ಬಳೆ ತೊಟ್ಟ ಒಂದು ಕೈ ಎತ್ತಿ ನಿಂತಂತಿದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆಯೇರಿದ ಹೆಣ್ಣಿನ ಗುರುತು ಅದು. ಅದರ ಮುಂದೆ ನಿಂತಾಗ ಇಬ್ಬರಿಗೂ ಮಾತು ಹೊರಡುವುದಿಲ್ಲ, ಹೊರಡದಿರುವುದೇ ಸರಿ. ಬಳ್ಳಿಗಾವಿಯ ಸುತ್ತ, ಸೊರಬದ ಕಡೆಯ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಬಹಳ. ಕಲಿಕೆಗೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಅಂಗಳದಲ್ಲೇ ಸಾಲು ಕಲ್ಲುಗಳಿವೆ, ಒಬ್ಬರು ಇನ್ನೊಬ್ಬರಿಗೆ ಪರೀಕ್ಷೆ ಕೊಡಬಹುದು.

ಚಿತ್ರ ತೆಗೆಯಲು ನಡುಮಧ್ಯಾಹ್ನ ಕೆಟ್ಟ ಹೊತ್ತು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರದ ಗೆರೆಗೆ ನೆರಳು ಬಿದ್ದು ಕಲ್ಲು ತಾನಾಗಿ ಮಾತಾಡುತ್ತದೆ. ಬಿಸಿಲಿಲ್ಲದಿದ್ದರೆ ಒಬ್ಬರು ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು, ಇನ್ನೊಬ್ಬರು ಚಿತ್ರ ತೆಗೆಯಬೇಕು. ಸುಣ್ಣ, ಅರಿಶಿನ, ಎಣ್ಣೆ, ಸೀಮೆಸುಣ್ಣ ಯಾವುದನ್ನೂ ಹಚ್ಚಬೇಡಿ. ತಂತಿಯ ಬ್ರಷ್ಷಿನಿಂದ ಪಾಚಿ ಉಜ್ಜಿದರೆ ಪಾಚಿಯ ಜೊತೆಗೆ ಅಕ್ಷರವೂ ಹೋಗುತ್ತದೆ.

ನಾವು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಯಾರನ್ನೂ ಕೇಳದೆ ನೇರವಾಗಿ ಪಾಳುಗುಡಿಗೆ ಹೋಗಿ, ಅಳತೆಪಟ್ಟಿ ಬಿಚ್ಚಿ, ಟಾರ್ಚ್ ಹಿಡಿದು ಕೂತಿದ್ದೆವು. ಹತ್ತು ನಿಮಿಷದಲ್ಲಿ ಏಳೆಂಟು ಮಂದಿ ಸುತ್ತುವರಿದರು. "ಎಲ್ಲಿ ಅಗೆಯಬೇಕೆಂದು ನೋಡುತ್ತಿದ್ದೀರಾ?" ಎಂದರು. ಹಿಂದೆ ಆ ಗುಡಿಯ ಪೀಠವನ್ನು ಯಾರೋ ರಾತ್ರೋರಾತ್ರಿ ಕಿತ್ತಿದ್ದರಂತೆ. ಮೊಬೈಲಿನಲ್ಲಿದ್ದ ಸಂಪುಟದ ಪುಟವನ್ನು ತೋರಿಸಿ, ಆ ಊರಿನ ಹೆಸರನ್ನೂ ಶಾಸನದ ಸಾಲನ್ನೂ ಓದಿ ಹೇಳಿದಮೇಲೆ ಹಿರಿಯರೊಬ್ಬರು ಮುಂದೆ ಬಂದು, "ಅಮ್ಮಾ, ನಮ್ಮ ಊರಿನ ಹೆಸರು ಅಷ್ಟು ಹಳೆಯದೇ?" ಎಂದು ಕೇಳಿದರು. ಆಮೇಲೆ ಅವರ ಮನೆಯಲ್ಲೇ ಕಾಫಿಯಾಯಿತು. ಅಂದಿನಿಂದ ಊರಿಗೆ ಹೋದೊಡನೆ ಮೊದಲು ಅರ್ಚಕರ ಮನೆ ಅಥವಾ ಶಾಲೆ, ಅನಂತರ ಕಲ್ಲು. ಹೊತ್ತು ಮುಳುಗಿದಮೇಲೆ ಯಾವ ಗುಡಿಯ ಬಳಿಯೂ ನಿಲ್ಲುವುದಿಲ್ಲ. ಚಿತ್ರದ ಒಂದು ಪ್ರತಿಯನ್ನು, ಶಾಸನದ ಅರ್ಥವನ್ನು ಕನ್ನಡದಲ್ಲಿ ಬರೆದು, ಊರಿನ ಶಾಲೆಗೆ ಕೊಟ್ಟು ಬರುತ್ತೇವೆ. ತಮ್ಮ ಕಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿದ ಊರು ಅದನ್ನು ಕಾಯುತ್ತದೆ.

ಕಷ್ಟವೇ ಇಲ್ಲವೆಂದಲ್ಲ. ದಿನವೆಲ್ಲ ತಿರುಗಿ ಬರಿಗೈಯಲ್ಲಿ ಬಂದದ್ದು ಎಷ್ಟೋ ಸಲ. ಪೆಟ್ರೋಲಿನ ಖರ್ಚು ಡಬ್ಬಿಯ ಆಟಕ್ಕಿಂತ ಹೆಚ್ಚು. ಹೊಸಬರೊಂದಿಗೆ ಮಾತಾಡಲು ಇಬ್ಬರಿಗೂ ಸಂಕೋಚವಿದ್ದರೆ ಇದು ಹಿಡಿಸುವುದು ಕಷ್ಟ. ಅಂಥವರು ಡಬ್ಬಿಯಿಂದಲೇ ಆರಂಭಿಸಲಿ.

ಕಾಡಿಗೆ ಹೋಗುವ ತಿಂಗಳು

ಹುಡುಕಾಟಕ್ಕೆ ಹದವಾದ ಒಣ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆ ಹುಳುವಿನ (ಉಣುಗಿನ) ಕಡಿತದಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಡಬ್ಬಿ ಹುಡುಕುವವರು ತರಗೆಲೆಯಲ್ಲಿ ಮಂಡಿಯೂರಿ ಕೈಯಾಡಿಸುತ್ತಾರೆ. ಉಣ್ಣೆ ಇರುವುದು ಅಲ್ಲೇ. ಕಲ್ಲು ಹುಡುಕುವವರು ಬಹುಪಾಲು ಊರೊಳಗೆ, ಕೆರೆಯ ಏರಿಯಲ್ಲಿ, ಗುಡಿಯ ಅಂಗಳದಲ್ಲಿ ಇರುತ್ತಾರೆ. ನನ್ನ ತಕ್ಕಡಿ ಕಲ್ಲಿನ ಕಡೆ ವಾಲಲು ಇದೂ ಒಂದು ಕಾರಣ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಬೇಡಿ, ಸತ್ತ ಮಂಗ ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತುಂಬುತೋಳು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಕೈಕಾಲಿಗೆ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಒಬ್ಬರ ಬೆನ್ನು ಕುತ್ತಿಗೆಯನ್ನು ಇನ್ನೊಬ್ಬರು ನೋಡುವುದು. ಮರದ ಪೊಟರೆಗೆ, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ, ಮೊದಲು ಟಾರ್ಚು, ಅನಂತರ ಕೋಲು.

ಅಪ್ಪೆಮಿಡಿಯ ಮರ

ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಅಡುಗೆಯ ರುಚಿ ಬಲ್ಲ ಜೋಡಿಗೆ ಮಾತ್ರ. ಅಪ್ಪೆಮಿಡಿಯೆಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆಯ ಕಾಡುಮಾವು. ಹೊಳೆಸಾಲಿನ ಕಾಡುಮಾವಿನ ಮರಗಳಲ್ಲಿ ಒಂದೊಂದರ ಮಿಡಿಗೂ ಒಂದೊಂದು ಪರಿಮಳ. ಜೀರಿಗೆಯ ವಾಸನೆಯದ್ದು, ಕರ್ಪೂರದ ವಾಸನೆಯದ್ದು ಎಂದು ಮನೆಮನೆಗೂ ತಮ್ಮ ಮರದ ಹೆಮ್ಮೆ. ಒಳ್ಳೆಯ ಮರ ಎಲ್ಲಿದೆಯೆಂಬ ಗುಟ್ಟನ್ನು ಹಿರಿಯರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೇಸಿಗೆಯ ಆರಂಭದ ಕೆಲವೇ ವಾರಗಳ ಹುಡುಕಾಟ ಇದು. ಮಿಡಿಯನ್ನು ತೊಟ್ಟುಸಮೇತ ಕೀಳಬೇಕು, ನೆಲಕ್ಕೆ ಬೀಳಿಸಬಾರದು, ಸೊನೆ ಒಳಗೇ ಉಳಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಕೊಂಬೆಯನ್ನೇ ಕಡಿದು ಮಿಡಿ ಒಯ್ಯುವವರಿಂದ ಎಷ್ಟೋ ಮರಗಳು ಹಾಳಾಗಿವೆ. ಮರ ಹತ್ತುವುದು ಬಲ್ಲವರಿಗೆ ಬಿಡಿ. ನೀವು ಮರವನ್ನು ಪತ್ತೆಹಚ್ಚಿ, ಎರಡು ಮಿಡಿ ಮುರಿದು ಮೂಸಿ, ಯಾವ ತಿಂಗಳು ಹೂ ಬಿಟ್ಟಿತೆಂದು ಬರೆದಿಟ್ಟುಕೊಂಡರೆ ಸಾಕು.

ಮಳೆಗಾಲಕ್ಕೆ

ಜೂನ್ ಹಿಡಿದರೆ ಆಗುಂಬೆ, ಹುಲಿಕಲ್ಲಿನ ಕಡೆ ತಲೆ ಎತ್ತುವಂತಿಲ್ಲ. ಹಾದಿಯಲ್ಲೆಲ್ಲ ಉಂಬಳ (ಜಿಗಣೆ). ಆಗ ಹುಡುಕಾಟ ಮನೆಗೆ, ತೋಟಕ್ಕೆ ಬರಲಿ. ಒಬ್ಬರು ಅಡಗಿಸುವುದು, ಇನ್ನೊಬ್ಬರು ಹುಡುಕುವುದು, ಮುಂದಿನ ವಾರ ಅದಲುಬದಲು. ನಾಲ್ಕೈದು ಚೀಟಿ, ಪ್ರತಿ ಚೀಟಿಯಲ್ಲೂ ಮುಂದಿನ ಚೀಟಿಯ ಜಾಗಕ್ಕೆ ಒಂದು ಒಗಟು. ಒಗಟನ್ನು ಎಲ್ಲಿಂದಲೋ ಎತ್ತಬೇಡಿ, ನೀವೇ ಕಟ್ಟಿ. 'ಹೊಟ್ಟೆಯೊಳಗೆ ನೀರು, ಹೊಟ್ಟೆಯ ಕೆಳಗೆ ಬೆಂಕಿ' ಎಂದರೆ ಬಚ್ಚಲಿನ ಹಂಡೆಯ ಪಕ್ಕದ ಸೌದೆಯ ರಾಶಿ. 'ಸೊಂಟಕ್ಕೆ ಹತ್ತಾರು ಉಂಗುರ, ತಲೆಗೊಂದೇ ಜುಟ್ಟು' ಎಂದರೆ ಅಡಿಕೆ ಮರ. ಯಾವ ಮರ ಎಂಬುದಕ್ಕೆ ಇನ್ನೊಂದು ಸಾಲು ಬೇಕಾಗುತ್ತದೆ. ನಗರದ ಬಾಡಿಗೆ ಮನೆಯಲ್ಲಿದ್ದರೂ ಅಕ್ಕಿಯ ಡಬ್ಬ, ಚಪ್ಪಲಿಯ ಗೂಡು, ಮಹಡಿಯ ಬಟ್ಟೆತಂತಿ ಸಾಕು. ಖರ್ಚು ಒಂದು ರೂಪಾಯಿಯೂ ಇಲ್ಲ. ಉಳಿದ ಯಾವ ಹುಡುಕಾಟದಲ್ಲೂ ಇಲ್ಲದ ಒಂದು ಸೊಗಸು ಇದರಲ್ಲಿದೆ. ಎದುರಿನವರು ಎಲ್ಲಿ ನೋಡುತ್ತಾರೆ, ಎಲ್ಲಿ ನೋಡುವುದೇ ಇಲ್ಲ ಎಂದು ಒಂದು ವಾರವಿಡೀ ಅವರನ್ನೇ ಗಮನಿಸುತ್ತಿರಬೇಕು.

ತಂಗಿ, ನಿನಗೊಂದು ವಿಷಯ ಹೇಳಿರಲಿಲ್ಲ. ನನ್ನ ಮೊದಲ ಆಷಾಢದಲ್ಲಿ ತವರಿಗೆ ಹೊರಡುವ ಮುನ್ನಾದಿನ ಮನೆಯೆಲ್ಲ ಚೀಟಿ ಅಡಗಿಸಿ ಹೋಗಿದ್ದೆ. ದಿನಕ್ಕೆ ಒಂದೇ ತೆರೆಯಬೇಕೆಂದು ಇವರಿಂದ ಮಾತು ತೆಗೆದುಕೊಂಡಿದ್ದೆ. ಕೊನೆಯದು ಅಟ್ಟದ ಮೇಲಿನ ಕಂಬಳಿಯ ಮಡಿಕೆಯಲ್ಲಿತ್ತು. ಅದರಲ್ಲಿ ಬರೆದಿದ್ದದ್ದು ಎಂಟನೆಯ ಸಂಪುಟದ ಒಂದು ಊರಿನ ಹೆಸರು, ಒಂದು ಸಂಖ್ಯೆ, ಅಷ್ಟೇ. ಮಳೆ ಬಿಟ್ಟಮೇಲೆ ನಾವಿಬ್ಬರೂ ಹುಡುಕಿಕೊಂಡು ಹೋದ ಮೊದಲ ಕಲ್ಲು ಅದು. ದನದ ಕೊಟ್ಟಿಗೆಯ ಗೋಡೆಗೆ ಆನಿಸಿ ನಿಲ್ಲಿಸಿದ್ದರು, ಮೇಲಿನ ಅಂತಸ್ತಿನ ಅರ್ಧ ಒಡೆದಿತ್ತು, ಕೆಳಗಿನ ಕಾಳಗದಲ್ಲಿ ಕುದುರೆಯ ಕಾಲು ಮಾತ್ರ ಇನ್ನೂ ಚೂಪಾಗಿತ್ತು.